ಬೇಸಿಗೆಯಲ್ಲಿ ನೋಡಿದ ಮಡು

(ಕಲಬುರಗಿಯಲ್ಲಿ ಗಾಳ ಹಾಕುವ ಗೆಳೆಯರ ಮುಂದೆ ಆಡಿದ ಮಾತು. ಧ್ವನಿಮುದ್ರಣ ಕೇಳಿ ಬರೆದದ್ದು.)

ಮೊದಲು ಒಂದು ಪ್ರಶ್ನೆ. ಗಾಳ ಇಲ್ಲದೆ, ಬಲೆ ಇಲ್ಲದೆ, ಬರಿಗೈಯಲ್ಲಿ, ಮೇ ತಿಂಗಳ ಬಿಸಿಲಲ್ಲಿ ನಿಮ್ಮೂರಿನ ಹೊಳೆಯ ತಳದಲ್ಲಿ ನಡೆದಾಡಿದವರು ಎಷ್ಟು ಜನ ಇದ್ದೀರಿ? ಕೈ ಎತ್ತಿ ನೋಡೋಣ. ನಾಲ್ಕು, ಐದು. ಹಿಂದೆ ಕೂತ ಆ ತಮ್ಮ ಕೈ ಎತ್ತಿದ್ದು ತಲೆ ಕೆರೆದುಕೊಳ್ಳೋದಕ್ಕೆ ಅನ್ನಿಸುತ್ತದೆ, ಅವನನ್ನು ಬಿಡೋಣ. ನಾಲ್ಕೇ ಜನ. ಸರಿ, ಈ ವರ್ಷ ಐದಕ್ಕಿಂತ ಜಾಸ್ತಿ ಹೊಸ ಕೆರೆ, ಹೊಸ ಡ್ಯಾಮು ನೋಡಿ ಬಂದವರು? ನೋಡಿ, ಅರ್ಧ ಸಭೆ ಕೈ ಎತ್ತಿತು. ಇವತ್ತು ನಾನು ಮಾತಾಡಬೇಕು ಅಂದುಕೊಂಡಿರೋದು ಈ ಎರಡು ಲೆಕ್ಕದ ಬಗ್ಗೆಯೇ.

ನಾನು ಮೂವತ್ತೊಂದು ವರ್ಷ ಬಸ್ ಕಂಡಕ್ಟರ್ ಆಗಿದ್ದೆ. ಸೇಡಂ ದಾರಿ, ಜೇವರ್ಗಿ ದಾರಿ, ಹುಮನಾಬಾದ್ ಮೇಲೆ ಬೀದರ್, ಶಹಾಪುರ ಮೇಲೆ ಸುರಪುರ. ಟಿಕೆಟ್ ಹರಿಯೋದು ಕೈಯ ಕೆಲಸ, ಸೇತುವೆ ಬಂತು ಅಂದರೆ ಕಣ್ಣು ಮಾತ್ರ ಕಿಟಕಿಯ ಆಚೆ. ಮಳಖೇಡದಲ್ಲಿ ಕಾಗಿಣಾ, ಕಟ್ಟಿಸಂಗಾವಿಯಲ್ಲಿ ಭೀಮಾ, ತಿಂಥಣಿಯಲ್ಲಿ ಕೃಷ್ಣಾ. ನೀರಿನ ಬಣ್ಣ ನೋಡಿ ಮನಸ್ಸಿನಲ್ಲೇ ಬರೆದಿಟ್ಟುಕೊಳ್ಳುತ್ತಿದ್ದೆ, ಇವತ್ತು ಕೆಂಪು, ನಿನ್ನೆಗಿಂತ ಒಂದು ಗೇಣು ಏರಿದೆ, ದಂಡೆಯಲ್ಲಿ ಯಾರೋ ಕೂತಿದ್ದಾರೆ, ಅವನ ಬುಟ್ಟಿ ಭಾರ ಇದ್ದ ಹಾಗಿದೆ. ಎಷ್ಟೋ ಸಲ ಚಿಲ್ಲರೆ ಕೊಡೋದು ಮರೆತು ಜನರ ಕೈಲಿ ಬೈಸಿಕೊಂಡಿದ್ದೇನೆ.

ಆದರೆ ಒಂದು ಮಾತು ಹೇಳಬೇಕು. ಇಷ್ಟು ವರ್ಷದಲ್ಲಿ ನಾನು ನೂರಾರು ಊರು ದಾಟಿದ್ದೇನೆ, ದಿನಾ ದಾಟಿದ್ದೇನೆ. ಆ ಊರುಗಳ ಬಗ್ಗೆ ಏನು ಗೊತ್ತು ಅಂತ ಕೇಳಿದರೆ ಬಸ್ ಸ್ಟ್ಯಾಂಡ್ ಗೊತ್ತು, ಚಹಾದ ಅಂಗಡಿ ಗೊತ್ತು, ಎಲ್ಲಿ ಎಷ್ಟು ಜನ ಹತ್ತುತ್ತಾರೆ ಅನ್ನೋದು ಗೊತ್ತು. ಅಷ್ಟೇ. ಪ್ರತಿ ಭಾನುವಾರ ಬೈಕ್ ಹತ್ತಿ ಹೊಸ ನೀರು ಹುಡುಕಿಕೊಂಡು ಹೋಗುವ ನಮ್ಮ ಹುಡುಗರು ಮೊಬೈಲ್ ತೆಗೆದು, "ಕಾಕಾ, ಇಲ್ಲಿ ನೋಡ್ರಿ, ನಲವತ್ತು ಕೆರಿ ಆದವು" ಅಂತ ತೋರಿಸಿದಾಗ ನನಗೆ ನನ್ನ ಬಸ್ಸೇ ನೆನಪಾಗುತ್ತದೆ.

ನನ್ನ ಊರು ಕಾಗಿಣಾ ದಂಡೆ, ಮಳಖೇಡದಿಂದ ಕೆಳಗೆ. ಮಳಖೇಡ ಅಂದರೆ ರಾಷ್ಟ್ರಕೂಟರ ಮಾನ್ಯಖೇಟ, ಅಮೋಘವರ್ಷ ನೃಪತುಂಗ ಆಳಿದ ಊರು, ಅದು ನಿಮಗೆಲ್ಲ ಗೊತ್ತು. ಅಲ್ಲಿನ ಕೋಟೆಯ ಮಗ್ಗುಲಲ್ಲೇ ಹೊಳೆ ಹರಿಯುತ್ತದೆ. ನಾವು ಹೊಲ ಮಾಡುವವರು, ಮೀನು ಹಿಡಿಯೋದು ನಮ್ಮ ಮನೆತನದ ಕಸುಬಲ್ಲ. ನನ್ನ ಮುತ್ಯಾನಿಗೆ, ಅಂದರೆ ಅಜ್ಜನಿಗೆ, ಮೀನು ಹಿಡಿಯುವ ಕಬ್ಬಲಿಗರ ಗೆಳೆಯನೊಬ್ಬ ಇದ್ದ, ಗಾಳದ ಹುಚ್ಚು ಅಲ್ಲಿಂದ ಬಂತು, ಮುತ್ಯಾನಿಂದ ನನಗೆ. ಆಯಿ ಮಾತ್ರ ಕೊನೆತನಕ ಒಪ್ಪಲಿಲ್ಲ. ಮೀನು ತಂದರೆ ಒಲೆ ಅಂಗಳಕ್ಕೆ ಬರುತ್ತಿತ್ತು.

ಕಾಗಿಣಾದ ತಳ ಹೇಗಿದೆ ಅಂತ ಹೇಳಿಬಿಡುತ್ತೇನೆ, ಮುಂದಿನ ಮಾತೆಲ್ಲ ಅದರ ಮೇಲೆಯೇ ನಿಂತಿದೆ. ನಮ್ಮದು ಫರ್ಸಿ ಕಲ್ಲಿನ ಸೀಮೆ. ಶಹಾಬಾದ್ ಕಲ್ಲು ಅಂತ ಮನೆ ನೆಲಕ್ಕೆ ಹಾಸುತ್ತೀರಲ್ಲ, ಅದೇ ಸುಣ್ಣದ ಕಲ್ಲು ಹೊಳೆಯ ತಳದಲ್ಲೂ ಪದರ ಪದರವಾಗಿ ಹಾಸಿದೆ. ಮೇಲೆ ತಾಂಡೂರಿನ ಕಡೆಯೂ ಅದೇ ಕಲ್ಲು. ನೀರು ಏನು ಮಾಡುತ್ತದೆ ಅಂದರೆ ಮೆತ್ತಗಿನ ಪದರವನ್ನು ಕೊರೆದು ಒಯ್ಯುತ್ತದೆ, ಗಟ್ಟಿ ಪದರವನ್ನು ಬಿಡುತ್ತದೆ. ಹಾಗಾಗಿ ನೀರಿನ ಕೆಳಗೆ ಮನೆಯ ಮುಂದಿನ ಛಜ್ಜಾ ಇರುತ್ತದಲ್ಲ, ಅಂಥ ಛಜ್ಜಾಗಳಾಗುತ್ತವೆ. ಮೇಲೆ ಕಲ್ಲು, ಕೆಳಗೆ ಪೊಳ್ಳು. ಬಾಳೆ ಮೀನು ಹಗಲೆಲ್ಲ ಆ ಪೊಳ್ಳಿನಲ್ಲಿ ಮಲಗಿರುತ್ತದೆ. ಕತ್ತಲಾದ ಮೇಲೆ ಬೇಟೆಗೆ ಹೊರಡುತ್ತದೆ.

ಈಗ ದಂಡೆಯಲ್ಲಿ ಕೂತವನಿಗೆ ಆ ಛಜ್ಜಾ ಎಲ್ಲಿದೆ ಅಂತ ಹೇಗೆ ಗೊತ್ತಾಗಬೇಕು? ಎರಡಾಳು ನೀರು, ಮೇಲಿಂದ ಎಲ್ಲಾ ಒಂದೇ ಥರ. ಮುತ್ಯಾ ನನ್ನನ್ನು ಮೊದಲ ಸಲ ಹೊಳೆಗೆ ಕರೆದುಕೊಂಡು ಹೋದದ್ದು ರಣಬಿಸಿಲಲ್ಲಿ. ಹೊಳೆ ನಿಂತುಹೋಗಿತ್ತು, ಅಲ್ಲೊಂದು ಇಲ್ಲೊಂದು ಮಡು ಉಳಿದಿತ್ತು. ಅವರ ಕೈಯಲ್ಲಿ ಬರೀ ಒಂದು ಕೋಲು. ನನಗೆ ಸಿಟ್ಟು, ಗಾಳ ಯಾಕೆ ತರಲಿಲ್ಲ ಅಂತ. ಅವರು ಹೇಳಿದ್ದು ಇಷ್ಟು: "ಮೀನ ಎಲ್ಲಿರ್ತಾವಂತ ನೋಡಬೇಕಂದ್ರ ನೀರ ಇಲ್ಲದಾಗ ಬರಬೇಕು, ತಮ್ಮಾ."

ಅವತ್ತು ಇಬ್ಬರೂ ಹೊಳೆಯ ತಳದಲ್ಲಿ ಮಧ್ಯಾಹ್ನದ ತನಕ ನಡೆದೆವು. ಅವರು ಒಂದೊಂದು ಪೊಳ್ಳಿಗೂ ಕೋಲು ಹಾಕಿ ಆಳ ನೋಡುತ್ತಿದ್ದರು. ಒಂದು ದೊಡ್ಡ ಪೊಳ್ಳಿನ ಹತ್ತಿರ ನಿಂತು ಆಚೆ ದಂಡೆ ತೋರಿಸಿದರು. ಅಲ್ಲೊಂದು ಬೇವಿನ ಗಿಡ, ಅದರ ಹಿಂದೆ ದೂರದಲ್ಲಿ ಹನುಮಪ್ಪನ ಗುಡಿಯ ಕಳಸ. ಈಚೆ ದಂಡೆಯಲ್ಲಿ ಗಿಡ ಮತ್ತು ಕಳಸ ಒಂದರ ಹಿಂದೊಂದು ಕಾಣುವ ಜಾಗದಲ್ಲಿ ನಿಲ್ಲಬೇಕು, ಅದೇ ಸಾಲಿನಲ್ಲಿ ಎಂಟು ಮಾರು ದೂರ ಗಾಳ ಒಗೆಯಬೇಕು. ನವೆಂಬರಿನಲ್ಲಿ ನೀರು ತಿಳಿಯಾದ ಮೇಲೆ ಹಾಗೇ ಮಾಡಿದೆವು. ಎರಡನೇ ರಾತ್ರಿ ಸಿಕ್ಕ ಬಾಳೆ ಮೀನು ನನ್ನ ಎದೆಯ ಎತ್ತರ ಇತ್ತು. ಆಗ ನನಗೆ ಹನ್ನೊಂದು ವರ್ಷ, ಎದೆಯ ಎತ್ತರ ಅಂದರೆ ಭಾರೀ ಏನಲ್ಲ, ಆದರೂ ಇವತ್ತಿಗೂ ಕೈಯಲ್ಲಿ ಆ ಎಳೆತ ಇದೆ.

ಮುತ್ಯಾನ ಸಾಮಾನೂ ಹೇಳಬೇಕು. ಬಿದಿರಿನ ಕೋಲು. ದಾರಕ್ಕೆ ಕಟ್ಟಿ ನೀರಿನ ಮೇಲೆ ತೇಲಿಬಿಡುವ ಬೆಂಡಿಗೆ ಜೋಳದ ದಂಟಿನ ತಿರುಳು, ಒಣಗಿದ್ದು, ಹಗುರ. ಕಲಬುರಗಿ ಸೀಮೆಯಲ್ಲಿ ಜೋಳದ ದಂಟಿಗೆ ಬರ ಇಲ್ಲವಲ್ಲ. ಬೆಂಡು ಎಷ್ಟು ಮೇಲೆ ಕಟ್ಟಬೇಕು ಅನ್ನೋದರಲ್ಲಿ ಅರ್ಧ ವಿದ್ಯೆ ಇದೆ. ಕಾಟ್ಲಾ ಮೀನಿನ ಬಾಯಿ ನೋಡಿ, ಮೇಲಕ್ಕೆ ತಿರುಗಿದೆ, ಅದು ಮೇಲಿನ ನೀರಿನಲ್ಲಿ ತಿನ್ನುವ ಮೀನು. ರೋಹು ನಡುವೆ. ಮೃಗಾಲ್ ತಳ ಕೆದಕುತ್ತದೆ. ಕೆರೆಯಲ್ಲಿ ಮೂರನ್ನೂ ಕೂಡಿಸಿ ಬಿಡೋದು ಇದಕ್ಕೇ, ಒಂದರ ಊಟಕ್ಕೆ ಇನ್ನೊಂದು ಬಾಯಿ ಹಾಕೋದು ಕಡಿಮೆ. ಒಂದೇ ಜಾಗ, ಒಂದೇ ಹಿಟ್ಟಿನ ಉಂಡೆ, ಬೆಂಡು ಒಂದು ಮೊಳ ಜರುಗಿಸಿದರೆ ಬೇರೆ ಮೀನು. ಉಂಡೆಗೆ ಜೋಳದ ಹಿಟ್ಟು, ಶೇಂಗಾ ಹಿಂಡಿ, ಅಂಟಿಗೆ ಸ್ವಲ್ಪ ಗೋಧಿ ಹಿಟ್ಟು. ಹೊಸ ನೀರು ಬಂದು ಹೊಳೆ ಕೆಂಪಾದಾಗ ಉಂಡೆ ಕೆಲಸ ಮಾಡೋದು ಕಡಿಮೆ, ಆಗ ಎರೆಹುಳ. ರಾಡಿ ನೀರಿನಲ್ಲಿ ಕಣ್ಣು ಕೆಲಸಕ್ಕೆ ಬರಲ್ಲ, ಮೀನು ವಾಸನೆ ಹಿಡಿದು ಬರುತ್ತದೆ.

ಇಷ್ಟೆಲ್ಲ ಗೊತ್ತಿದ್ದ ನಾನು, ಇಪ್ಪತ್ತೆಂಟು ಮೂವತ್ತರ ವಯಸ್ಸಿನಲ್ಲಿ, ನನಗೆ ಮೀನು ಹಿಡಿಯಲು ಬರುತ್ತದೆ ಅಂದುಕೊಂಡಿದ್ದೆ.

ನಮ್ಮ ಬಸ್ಸಿನ ಡ್ರೈವರ್ ಒಬ್ಬರ ಬೀಗರ ಊರು ಕಾರಂಜಾ ಹಿನ್ನೀರಿನ ದಂಡೆ. ಭಾಲ್ಕಿ ತಾಲ್ಲೂಕಿನ ಬ್ಯಾಲಹಳ್ಳಿ ಹತ್ತಿರ ಡ್ಯಾಮ್ ಇದೆಯಲ್ಲ, ಏಳು ಟಿಎಂಸಿಗೂ ಜಾಸ್ತಿ ನೀರು ಹಿಡಿಯುತ್ತದೆ, ಅದರ ಹಿನ್ನೀರು. ಎರಡು ದಿನ ರಜೆ ಹಾಕಿ ಹೋದೆವು. ದಾರಿಯಲ್ಲಿ ಕಮಲಾಪುರದಲ್ಲಿ ಕೆಂಪು ಬಾಳೆಹಣ್ಣು ತಗೊಂಡೆವು, ಬಾಳೆ ಹಿಡಿಯೋಕೆ ಹೊರಟವರಿಗೆ ಬಾಳೆ ಮೊದಲೇ ಸಿಕ್ಕಿತು ಅಂತ ಡ್ರೈವರ್ ಸಾಹೇಬರು ನಗಾಡಿದರು. ಎರಡು ದಿನದಲ್ಲಿ ಸಿಕ್ಕ ಬಾಳೆ ಅದೊಂದೇ.

ಅಂಗೈ ಅಗಲದ ಒಂದು ತಿಲಾಪಿಯಾ ಸಿಕ್ಕಿತು, ಸುಳ್ಳು ಹೇಳಬಾರದು. ಬೀಗರ ಮನೆಯಲ್ಲಿ ಮಸಾಲೆ ಅರೆದಿಟ್ಟು ಕಾಯುತ್ತಿದ್ದರು. ಕೊನೆಗೆ ಅದೇ ಮಸಾಲೆಗೆ ತತ್ತಿ ಹಾಕಿ ರೊಟ್ಟಿ ಬಡಿಸಿದರು. ಯಾರೂ ಒಂದು ಮಾತೂ ಅನ್ನಲಿಲ್ಲ, ಅದೇ ಜಾಸ್ತಿ ಚುಚ್ಚಿತು.

ಏನಾಗಿತ್ತು ಅಂದರೆ, ನಾನು ಆ ಹಿನ್ನೀರಿನಲ್ಲಿ ಕಾಗಿಣಾ ಹುಡುಕುತ್ತಿದ್ದೆ. ಹರಿವು ಎಲ್ಲಿ, ಸುಳಿ ಎಲ್ಲಿ, ಕಲ್ಲಿನ ಮೂಲೆ ಎಲ್ಲಿ ಅಂತ. ಅಲ್ಲಿ ಹರಿವೇ ಇಲ್ಲ. ಅದು ಮುಳುಗಿದ ಹೊಲ. ಕೆಂಪು ಮಣ್ಣಿನ ಸೀಮೆ, ಜಂಬಿಟ್ಟಿಗೆ ಕಲ್ಲು. ಎರಡನೇ ದಿನ ಸಂಜೆ ತೆಪ್ಪದಲ್ಲಿ ಬಲೆ ಬಿಡುತ್ತಿದ್ದ ಒಬ್ಬ ಮುದುಕರು ದಂಡೆಗೆ ಬಂದು ಬೀಡಿ ಹಚ್ಚಿ ನನ್ನನ್ನು ಸ್ವಲ್ಪ ಹೊತ್ತು ನೋಡಿದರು. ಆಮೇಲೆ, "ಸಾಹೇಬ್ರ, ಎಲ್ಲಿಂದು ನೀರ ಹುಡಕ್ಲತ್ತೀರಿ ನೀವು? ಇಲ್ಲಿ ನೀರ ಹರಿಯಂಗಿಲ್ಲ, ಗಾಳಿ ಹರಿತದ. ಗಾಳಿ ಹೊಡಿಯೋ ದಂಡಿಗಿ ಕೂಡ್ರಿ" ಅಂದರು.

ಎಂಥ ಮಾತು ನೋಡಿ. ದೊಡ್ಡ ಹಿನ್ನೀರಿನಲ್ಲಿ ಗಾಳಿ ಬೀಸಿದರೆ ಮೇಲಿನ ನೀರು, ನೀರಿನಲ್ಲಿ ತೇಲುವ ಸಣ್ಣ ಹುಳಹುಪ್ಪಟೆ, ಪಾಚಿ ಎಲ್ಲಾ ಎದುರಿನ ದಂಡೆಗೆ ಹೋಗಿ ಗುಡ್ಡೆಯಾಗುತ್ತದೆ. ಅದನ್ನು ತಿನ್ನಲು ಸಣ್ಣ ಮೀನು, ಸಣ್ಣದನ್ನು ತಿನ್ನಲು ದೊಡ್ಡ ಮೀನು. ನಾನು ಎರಡು ದಿನ ಗಾಳಿಗೆ ಬೆನ್ನು ಕೊಟ್ಟು ತಂಪಾಗಿ, ಅಲೆ ಇಲ್ಲದ ಕಡೆ ಕೂತಿದ್ದೆ, ಬೆಂಡು ಚೆನ್ನಾಗಿ ಕಾಣುತ್ತದೆ ಅಂತ! ಅವರು ಇನ್ನೂ ಹೇಳಿದರು, ಯಾವ ಕಡೆ ಹೊಲದ ಒಡ್ಡು ಮುಳುಗಿದೆ, ಎಲ್ಲಿ ಹಳೇ ಬಾವಿ ಇದೆ, ಮೊದಲಿನ ಹೊಳೆಯ ಪಾತ್ರ ಯಾವ ಸಾಲಿನಲ್ಲಿ ಹೋಗುತ್ತದೆ ಅಂತ. ಅವರಿಗೆ ಹೇಗೆ ಗೊತ್ತು? ಆ ಮುಳುಗಿದ ಹೊಲಗಳಲ್ಲಿ ಅವರು ಹುಡುಗನಾಗಿದ್ದಾಗ ಕೂಲಿ ಮಾಡಿದ್ದರು.

ಅವತ್ತು ನನಗೆ ತಿಳಿದದ್ದು, ನನಗೆ ಗೊತ್ತಿದ್ದದ್ದು ಮೀನಲ್ಲ, ಕಾಗಿಣಾದ ಎರಡು ಮೈಲಿ ಮಾತ್ರ. ಜೊತೆಗೆ ಇನ್ನೊಂದೂ ತಿಳಿಯಿತು. ನಾನು 'ಹೊಸ ನೀರು' ಅಂತ ಹೋಗಿದ್ದೆನಲ್ಲ, ಅದು ಹೊಸದೇನಲ್ಲ. ಆ ಮುದುಕರ ಮನೆಯಂಗಳ ಅದು. ಯಾರಿಗೋ ಹಳೆಯದಲ್ಲದ ನೀರು ನಮ್ಮ ಮೂರು ಜಿಲ್ಲೆಯಲ್ಲಿ ಎಲ್ಲೂ ಇಲ್ಲ.

ಇಲ್ಲಿ ಒಂದು ಸಣ್ಣ ಮಾತು, ವಿಷಯಕ್ಕೆ ಸ್ವಲ್ಪ ಆಚೆ. ಕಲಬುರಗಿಯಿಂದ ಬೀದರಿಗೆ ಹೋಗುವಾಗ ದಾರಿಯಲ್ಲಿ ಒಂದು ಕಡೆ ನೀರಿನ ಗಡಿ ದಾಟುತ್ತೇವೆ, ಯಾವ ಬೋರ್ಡೂ ಇರಲ್ಲ. ಈಚೆ ಬಿದ್ದ ಮಳೆ ಕಾಗಿಣಾ, ಭೀಮಾ ಅಂತ ಹೋಗಿ ಕೃಷ್ಣೆಗೆ. ಆಚೆ ಬಿದ್ದದ್ದು ಕಾರಂಜಾ, ಮಾಂಜ್ರಾ ಅಂತ ಹೋಗಿ ಗೋದಾವರಿಗೆ. ಒಂದೇ ಬಸ್ಸು, ಒಂದೇ ಟಿಕೆಟ್ಟು, ಎರಡು ಮಹಾನದಿಗಳ ಸೀಮೆ. ಎಷ್ಟೋ ಸಲ ಆ ಏರು ಬಂದಾಗ ಪ್ರಯಾಣಿಕರಿಗೆ ಹೇಳಬೇಕು ಅನ್ನಿಸಿದೆ. ಹೇಳಿದರೆ ಕಂಡಕ್ಟರಿಗೆ ಬಿಸಿಲು ಹೊಡೆದಿದೆ ಅನ್ನುತ್ತಿದ್ದರು.

ಆಮೇಲೆ ನಾನು ಒಂದು ಕಟ್ಟುಪಾಡು ಮಾಡಿಕೊಂಡೆ. ಹೊಸ ಕಡೆ ಹೋದರೆ ಮೊದಲ ದಿನ ಗಾಳ ಹೊರಗೆ ತೆಗೆಯೋದಿಲ್ಲ. ಚಹಾ ಕುಡಿಯುತ್ತೇನೆ, ಅಲ್ಲಿನವರ ಜೊತೆ ಕೂರುತ್ತೇನೆ. ಕೇಳೋದು ಮೂರೇ ಪ್ರಶ್ನೆ. ಬೇಸಿಗೆಯಲ್ಲಿ ನೀರು ಕೊನೆಗೆ ಎಲ್ಲಿ ಉಳಿಯುತ್ತದೆ? ಎಮ್ಮೆ ಎಲ್ಲಿ ಇಳಿಯುತ್ತವೆ? ಹುಡುಗರನ್ನು ಎಲ್ಲಿ ಇಳಿಯಲು ಬಿಡೋದಿಲ್ಲ? ಮೊದಲನೆಯದು ಮಡು ತೋರಿಸುತ್ತದೆ. ಎಮ್ಮೆ ಇಳಿದ ಕಡೆ ಕೆಸರು ಎದ್ದು ಹುಳ ಏಳುತ್ತವೆ, ಸಣ್ಣ ಮೀನು ಸೇರುತ್ತವೆ. ಮೂರನೆಯದನ್ನು ಕೇಳುವಾಗ ಜನ ನಿಮ್ಮ ಮುಖ ನೋಡುತ್ತಾರೆ, ಈ ಮನುಷ್ಯನಿಗೆ ಸ್ವಲ್ಪ ಬುದ್ಧಿ ಇದೆ ಅಂತ. ಯಾಕೆಂದರೆ ಅಲ್ಲಿ ಸುಳಿ ಇರಬಹುದು, ಹೂಳು ಇರಬಹುದು. ಕೃಷ್ಣೆಯಾದರೆ ಮೊಸಳೆ.

ಮೊಸಳೆ ಅಂದಾಗ ಯಾರೋ ನಕ್ಕಿರಿ. ನಾನೂ ನಗುತ್ತಿದ್ದೆ. ಶಹಾಪುರ, ಸುರಪುರ ಕಡೆಯ ಕೃಷ್ಣೆಯಲ್ಲಿ ಮೊಸಳೆ ಇರೋದು ಅಲ್ಲಿ ಸಣ್ಣ ಮಗುವಿಗೂ ಗೊತ್ತು. ನಾನು ಕಾಗಿಣಾದ ಚಟಕ್ಕೆ ಬಿದ್ದು, ರಾತ್ರಿ ಬಾಳೆ ಮೀನಿಗೆ ಅಂತ, ಕಾಲು ನೀರಿನಲ್ಲಿ ಬಿಟ್ಟುಕೊಂಡು ಬಂಡೆಯ ಮೇಲೆ ಆರಾಮ ಕೂತಿದ್ದೆ. ಕೈಯಲ್ಲಿ ಲಾಟೀನು ಹಿಡಿದುಕೊಂಡು ಬಂದ ಒಬ್ಬ ಹೆಣ್ಣುಮಗಳು, ಮೀನುಗಾರರ ಮನೆಯವರು, ದೂರದಿಂದಲೇ ಚೀರಿದರು. "ಯಾವೂರಾಂವ ನೀ? ಜೀವ ಬ್ಯಾಡಾಗ್ಯಾದೇನ ನಿನಗ? ಎದ್ದ ಬಾ ಈ ಕಡಿ!" ಎದ್ದು ಹೋದೆ. ಅವರ ಮನೆಯಲ್ಲಿ ಅಂಬಿಗರ ಚೌಡಯ್ಯನವರ ಫೋಟೊ, ಕೆಳಗೆ ದೀಪ. ಊಟಕ್ಕೆ ಹಾಕಿ ಮತ್ತೆ ಬೈದರು, ಊಟ ಮುಗಿದ ಮೇಲೆ ಇನ್ನೊಮ್ಮೆ ಬೈದರು. ಬೆಳಿಗ್ಗೆ ಅದೇ ಬಂಡೆಗಳ ಕಡೆ ಹೋಗಿ ನೋಡಿದರೆ ಸ್ವಲ್ಪ ಆಚೆ ಮರಳಿನ ಮೇಲೆ ಒಂದು ಮೊಸಳೆ ಬಿಸಿಲು ಕಾಯಿಸಿಕೊಳ್ಳುತ್ತಿತ್ತು, ಬಾಯಿ ತೆರೆದುಕೊಂಡು. ಆ ದಿನದಿಂದ ಕೃಷ್ಣೆಯಲ್ಲಿ ಕತ್ತಲಾದ ಮೇಲೆ ಗಾಳ ಹಾಕಿಲ್ಲ.

ಕೃಷ್ಣೆಯಲ್ಲಿ ಇನ್ನೊಂದು ಅಪಾಯ ಮೇಲಿಂದ ಬರುತ್ತದೆ. ನಾರಾಯಣಪುರದ ಬಸವಸಾಗರ 1982ರಲ್ಲಿ ಕಟ್ಟಿ ಮುಗಿದದ್ದು, 33 ಟಿಎಂಸಿ ನೀರು ಹಿಡಿಯುತ್ತದೆ. ಅಲ್ಲಿ ಗೇಟು ಎತ್ತಿದರೆ ಕೆಳಗೆ ನಡುಹೊಳೆಯ ಬಂಡೆಯ ಮೇಲೆ ಕೂತವನಿಗೆ ಸಮಯ ಇರೋದಿಲ್ಲ. ನಿಮ್ಮ ತಲೆಯ ಮೇಲೆ ಒಂದು ಮೋಡವೂ ಇಲ್ಲ, ಮಳೆ ಆಗಿದ್ದು ಮಹಾರಾಷ್ಟ್ರದಲ್ಲಿ. ಭೀಮೆಯದೂ ಅದೇ ಕಥೆ, ಆದರೆ ನಿಧಾನ. ಉಜನಿ ಡ್ಯಾಮಿನಲ್ಲಿ ಬಿಟ್ಟ ನೀರು ನಮ್ಮ ಕಡೆ ಬರಲು ದಿನಗಳು ಬೇಕು, ಪೇಪರ್ ಓದಿದರೂ ಸಾಕು. ಹೊಸಬರು ಮಳೆಗಾಲದಲ್ಲಿ ಆಕಾಶ ನೋಡಿ ಹೊರಡುತ್ತಾರೆ, ದಂಡೆಯವರು ಸುದ್ದಿ ಕೇಳಿ ಹೊರಡುತ್ತಾರೆ.

ಕೆರೆಗಳ ಬಗ್ಗೆ ಎರಡೇ ಮಾತು. ನಮ್ಮ ಕಡೆಯ ದೊಡ್ಡ ಕೆರೆಗಳನ್ನು ಮೀನುಗಾರರ ಸಹಕಾರ ಸಂಘಗಳು ಗುತ್ತಿಗೆಗೆ ಹಿಡಿದು, ದುಡ್ಡು ಹಾಕಿ ಮರಿ ಬಿಟ್ಟಿರುತ್ತವೆ. ಕೇಳದೆ ಅಲ್ಲಿ ಗಾಳ ಹಾಕೋದು ಒಬ್ಬರ ಹೊಲದಲ್ಲಿ ತೊಗರಿ ಕಿತ್ತ ಹಾಗೆ. ಕೇಳಿದರೆ ಎಷ್ಟೋ ಕಡೆ ಬೇಡ ಅನ್ನೋದಿಲ್ಲ.

ಈಗ ಹುಡುಗರು ಕೇಳುವ ಪ್ರಶ್ನೆ. ಅಷ್ಟೆಲ್ಲ ತಾಪತ್ರಯ ಇದ್ದ ಮೇಲೆ ಹೊಸ ನೀರಿಗೆ ಹೋಗೋದೇ ಬೇಡವಾ? ಹೋಗಬೇಕು. ನನ್ನ ಕಾಕಾ ಒಬ್ಬರಿದ್ದರು, ಜೀವಮಾನದಲ್ಲಿ ಕಾಗಿಣಾ ಬಿಟ್ಟು ಬೇರೆ ನೀರಿಗೆ ಗಾಳ ಹಾಕಿದವರಲ್ಲ. ಎರೆಹುಳ ಬಿಟ್ಟು ಬೇರೆ ಏನಾದರೂ ಮೀನು ತಿನ್ನುತ್ತದೆ ಅಂದರೆ ಜಗಳಕ್ಕೇ ಬರುತ್ತಿದ್ದರು. ಬೇಸಿಗೆಯಲ್ಲಿ ಮೀನು ಬೀಳದಿದ್ದರೆ ಹೊಳೆಗೆ ಯಾರದೋ ದೃಷ್ಟಿಯಾಗಿದೆ ಅನ್ನುತ್ತಿದ್ದರು. ನೀರು ಕಾದಷ್ಟೂ ಅದರಲ್ಲಿ ಕರಗಿದ ಗಾಳಿ ಕಡಿಮೆಯಾಗುತ್ತದೆ, ಮೀನಿಗೆ ಉಸಿರಾಡೋದೇ ಕಷ್ಟ, ಊಟ ಎಲ್ಲಿಂದ ಮಾಡಬೇಕು? ಇದನ್ನು ನಾನು ತಿಳಿದುಕೊಂಡದ್ದು ನಮ್ಮ ಹೊಳೆಯಲ್ಲಲ್ಲ, ಯಾದಗಿರಿ ಹತ್ತಿರದ ಹತ್ತಿಕುಣಿ ಕೆರೆಯ ದಂಡೆಯಲ್ಲಿ. ಮುಂಜಾನೆ ನಸುಕಿನಲ್ಲಿ ಮೀನುಗಳು ಬಾಯಿ ಮೇಲೆ ಮಾಡಿ ಬುಳುಬುಳು ಅನ್ನುತ್ತಿದ್ದವು. ಹಸಿದಿವೆ ಅಂತ ನಾನು ಖುಷಿಯಿಂದ ಉಂಡೆ ಒಗೆದೆ, ಒಂದೂ ಮುಟ್ಟಲಿಲ್ಲ. ಅಲ್ಲಿನವರೊಬ್ಬರು ನಕ್ಕು, ಅವು ಗಾಳಿಗೆ ಬಂದಿವೆ, ಊಟಕ್ಕಲ್ಲ ಅಂದರು. ನಮ್ಮ ಮಡುವಿನಲ್ಲೂ ಹಾಗೆ ಆಗುತ್ತಿತ್ತು. ವರ್ಷಗಟ್ಟಲೆ ನೋಡಿದ್ದೆ, ಗಮನಕ್ಕೇ ಬಂದಿರಲಿಲ್ಲ.

ನನ್ನ ಲೆಕ್ಕ ಹೇಳುತ್ತೇನೆ. ಹತ್ತು ಸಲ ನೀರಿಗೆ ಹೋದರೆ ಎಂಟು ಸಲ ಊರ ಹೊಳೆ, ಎರಡು ಸಲ ಹೊರಗೆ. ಆ ಎರಡು ಸಲ ಕೂಡ ಬೇರೆ ಬೇರೆ ಕಡೆ ಅಲ್ಲ, ಒಂದೇ ಕಡೆ ಎರಡು ಸಲ. ಒಮ್ಮೆ ತುಂಬಿದಾಗ, ಒಮ್ಮೆ ಒಣಗಿದಾಗ. ನೀವು ಒಪ್ಪಬೇಕು ಅಂತಿಲ್ಲ. ಜಾಸ್ತಿ ಸುತ್ತಬೇಕು ಅನ್ನಿಸಿದರೆ ಸುತ್ತಿ, ನಿಮ್ಮ ಪೆಟ್ರೋಲು. ಆದರೆ ಒಂದು ನೀರನ್ನಾದರೂ ನಾಲ್ಕೂ ಕಾಲದಲ್ಲಿ ನೋಡದವನು ಹೊಸ ನೀರಿನಲ್ಲಿ ಏನು ಹೊಸದು ಅಂತ ಹೇಗೆ ಗುರುತಿಸುತ್ತಾನೆ ಅನ್ನೋದು ನನಗೆ ಇನ್ನೂ ಅರ್ಥ ಆಗಿಲ್ಲ.

ಇನ್ನೊಂದು ತಮಾಷೆ ಇದೆ. ನಾವು ಹೊಸ ನೀರು ಹಳೇ ನೀರು ಅಂತ ಇಷ್ಟು ಮಾತಾಡುತ್ತೇವಲ್ಲ, ಮೀನನ್ನು ಕೇಳಿ. ರೋಹು, ಕಾಟ್ಲಾ ನಮ್ಮವು ಅಂದುಕೊಂಡಿದ್ದೇವೆ. ಅವು ಮೂಲದಲ್ಲಿ ಗಂಗೆಯ ಸೀಮೆಯ ಮೀನು. ನಿಂತ ಕೆರೆಯಲ್ಲಿ ಅವು ಮೊಟ್ಟೆ ಇಡೋದಿಲ್ಲ, ಅವಕ್ಕೆ ಮಳೆಗಾಲದ ಹರಿವು, ಹೊಳೆಗೆ ಬರುವ ಪೂರ ಬೇಕು. 1957ರಲ್ಲಿ ಒಡಿಶಾದಲ್ಲಿ ಹೀರಾಲಾಲ್ ಚೌಧುರಿ ಅನ್ನುವ ವಿಜ್ಞಾನಿ, ಮೀನಿನ ತಲೆಯೊಳಗಿನ ಒಂದು ಗ್ರಂಥಿಯ ರಸವನ್ನು ಇನ್ನೊಂದು ಮೀನಿಗೆ ಚುಚ್ಚಿ, ಸಾಕಿದ ಕಡೆಯೇ ಮೊಟ್ಟೆ ಇಡಿಸಿದರು. ಅದಾದ ಮೇಲೆ ಮರಿ ಬೇಕಾದಷ್ಟು, ದೇಶದ ಎಲ್ಲಾ ಕೆರೆಗೂ. ಜುಲೈ 10ನ್ನು ಮೀನು ಕೃಷಿಕರ ದಿನ ಅಂತ ಮಾಡೋದು ಅದರ ನೆನಪಿಗೇ. ತಿಲಾಪಿಯಾ ಅಂತೂ ಆಫ್ರಿಕಾದ್ದು, ನಮ್ಮ ದೇಶಕ್ಕೆ 1952ರಲ್ಲಿ ತಂದರು. ಮೊಟ್ಟೆಯನ್ನು ಬಾಯಿಯಲ್ಲೇ ಇಟ್ಟುಕೊಂಡು ಮರಿ ಮಾಡುವ ಮೀನು ಅದು, ಎಲ್ಲಿ ಬಿಟ್ಟರೂ ಸಂಸಾರ ಹೂಡುತ್ತದೆ. ನನಗೆ ಕಾರಂಜಾದಲ್ಲಿ ಸಿಕ್ಕ ಆ ಒಂದೇ ಒಂದು ತಿಲಾಪಿಯಾ ನನ್ನ ಹಾಗೆಯೇ ಹೊರಗಿನದು, ಆದರೆ ಅದಕ್ಕೆ ಆ ನೀರು ನನಗಿಂತ ಚೆನ್ನಾಗಿ ಗೊತ್ತಿತ್ತು.

ನಮ್ಮ ಹೊಳೆಯ ಹಳೇ ಒಕ್ಕಲು ಅಂದರೆ ಬಾಳೆ ಮೀನು, ಕೊರವ, ಹಾವು ಮೀನು. ಕೊರವದ ಬಗ್ಗೆ ಒಂದು ವಿನಂತಿ ಇದೆ. ಮಳೆಗಾಲದಲ್ಲಿ ನೀರಿನ ಮೇಲೆ ಕೆಂಪಗೆ ಸಣ್ಣ ಮರಿಗಳ ಒಂದು ಉಂಡೆ ಓಡಾಡುತ್ತದೆ, ಕೆಳಗೆ ತಂದೆತಾಯಿ ಕಾವಲು. ಆ ಉಂಡೆಯ ಮುಂದೆ ಏನು ಎಳೆದರೂ ಸಿಟ್ಟಿಗೆ ಬಂದು ಕಚ್ಚುತ್ತವೆ. ಹಿಡಿಯೋದು ಬಹಳ ಸುಲಭ. ಹಿಡಿಯಬೇಡಿ. ಕಾವಲು ಹೋದರೆ ಅರ್ಧ ದಿನದಲ್ಲಿ ಇಡೀ ಉಂಡೆ ಬೇರೆ ಮೀನಿನ ಹೊಟ್ಟೆ ಸೇರುತ್ತದೆ. ಕರೆಂಟ್ ಬಿಟ್ಟು, ಮದ್ದು ಹಾಕಿ ಮೀನು ತೆಗೆಯುವವರ ಬಗ್ಗೆ ಮಾತಾಡಿ ಬಾಯಿ ಹೊಲಸು ಮಾಡಿಕೊಳ್ಳಲ್ಲ.

ಈಗ ಕೊನೆಯ ಭಾಗ. ಇದನ್ನು ಹೇಳೋಕೆ ನನಗೆ ಸ್ವಲ್ಪ ಕಷ್ಟ.

ಭೀಮೆಗೆ ಈಗ ಸೊನ್ನ, ಘತ್ತರಗಿ, ಸನ್ನತಿ, ಗುರುಸುಣಗಿ ಅಂತ ಸಾಲಾಗಿ ಬ್ಯಾರೇಜು. ಹೊಲಕ್ಕೆ ನೀರು ಬೇಕು, ಕುಡಿಯಲು ಬೇಕು, ನಾನು ಬೇಡ ಅನ್ನೋದಿಲ್ಲ, ನಾನೂ ಹೊಲದವನೇ. ಆದರೆ ಹರಿಯುವ ಹೊಳೆ ಮೆಟ್ಟಿಲು ಮೆಟ್ಟಿಲಾಗಿ ನಿಂತ ಕೆರೆಗಳಾಗಿದೆ. ನಮ್ಮ ಕಾಗಿಣಾದಲ್ಲೂ ಅಲ್ಲಲ್ಲಿ ಅಡ್ಡಗಟ್ಟೆ. ನೀರು ನಿಂತ ಕಡೆ ಎರೆಮಣ್ಣಿನ ಹೂಳು ಕೂತು ಫರ್ಸಿಯ ಪೊಳ್ಳು ಮುಚ್ಚಿಹೋಗುತ್ತದೆ. ಮರಳು ಎತ್ತಿದ ಕಡೆ ತಳವೇ ಬದಲಾಗುತ್ತದೆ. ಮೇಲಾಗಿ 2020ರ ಅಕ್ಟೋಬರಿನ ಮಹಾಪೂರ. ಭೀಮಾ, ಕಾಗಿಣಾ ಎರಡೂ ಉಕ್ಕಿ ದಂಡೆಯ ಊರುಗಳಿಗೆ ನುಗ್ಗಿದ್ದು ನಿಮಗೆಲ್ಲ ನೆನಪಿದೆ, ಈ ಸಭೆಯಲ್ಲೇ ಮನೆಯಲ್ಲಿ ಎದೆಮಟ ನೀರು ಕಂಡವರಿದ್ದೀರಿ.

ಆ ಪೂರ ಇಳಿದ ಮೇಲೆ ನಾನು ಎರಡು ವರ್ಷ ಅದೇ ಹಳೇ ಜಾಗದಲ್ಲಿ ಕೂತೆ. ಎಂಟು ಮಾರು ಒಗೆದೆ. ಉಂಡೆ ಬದಲಿಸಿದೆ, ಹುಳ ಬದಲಿಸಿದೆ, ಗಾಳದ ನಂಬರ್ ಬದಲಿಸಿದೆ. ಏನೂ ಬೀಳಲಿಲ್ಲ. ಹೊಳೆಯಲ್ಲಿ ಮೀನೇ ಮುಗಿದುಹೋಯಿತು ಅಂತ ಊರಲ್ಲೆಲ್ಲ ಹೇಳಿಕೊಂಡು ತಿರುಗಿದೆ. ಥೇಟ್ ನನ್ನ ಕಾಕಾನ ಹಾಗೆ! ಎರಡು ವರ್ಷದಲ್ಲಿ ಒಂದು ಸಲವೂ ಬೇಸಿಗೆಯಲ್ಲಿ ತಳಕ್ಕೆ ಇಳಿದು ನೋಡಬೇಕು ಅನ್ನಿಸಲಿಲ್ಲ. ಯಾಕೆ ನೋಡಬೇಕು, ನನ್ನ ಹೊಳೆ ಅಲ್ವಾ, ನನಗೆ ಗೊತ್ತಿಲ್ಲದ್ದೇನು ಇದೆ ಅನ್ನುವ ಸೊಕ್ಕು. ಬೇರೆಯವರ ನೀರಿಗೆ ಹೋದಾಗ ಮೂರು ಪ್ರಶ್ನೆ ಕೇಳುವ ಮನುಷ್ಯ ನಾನು, ನನ್ನ ಹೊಳೆಗೆ ಒಂದೂ ಕೇಳಿರಲಿಲ್ಲ.

ಮೂರನೇ ವರ್ಷ ಮೇ ತಿಂಗಳಲ್ಲಿ ಮೊಮ್ಮಗ ರಜೆಗೆ ಬಂದಿದ್ದ. ಮೊಬೈಲ್ ಬಿಡಿಸಲಿಕ್ಕೆ ಅಂತ ಸುಮ್ನೆ ಹೊಳೆಗೆ ಕರೆದುಕೊಂಡು ಹೋದೆ. ಅವನು ಮೊಬೈಲ್ ತಂದೇ ತಂದ. ಇಬ್ಬರೂ ತಳಕ್ಕೆ ಇಳಿದೆವು. ಮುತ್ಯಾ ತೋರಿಸಿದ ಆ ದೊಡ್ಡ ಪೊಳ್ಳು ಇರಬೇಕಾದ ಕಡೆ ಒಣಗಿ ಬಿರುಕು ಬಿಟ್ಟ ಕಪ್ಪು ಹೂಳು, ಮೊಣಕಾಲು ಮಟ. ಛಜ್ಜಾದ ಕಲ್ಲು ಮುರಿದು ಬಿದ್ದಿತ್ತು. ನಾನು ಎರಡು ವರ್ಷ ಹೊಲಕ್ಕೆ ಗಾಳ ಹಾಕಿದ್ದೆ ಅನ್ನಿ.

ಅಲ್ಲಿಂದ ಮೂವತ್ತು ಮಾರು ಕೆಳಗೆ ಹುಡುಗ ಕೂಗಿದ. "ಮುತ್ಯಾ, ಇಲ್ಲಿ ಬಾ, ಒಳಗ ಎಷ್ಟ್ ತಂಪ್ ಅದ!" ಹೋಗಿ ನೋಡಿದರೆ ಪೂರದ ನೀರು ಹೊಸದಾಗಿ ಕೊರೆದ ಪೊಳ್ಳು, ಒಬ್ಬ ಹುಡುಗ ಬಗ್ಗಿ ಒಳಗೆ ಹೋಗುವಷ್ಟು. ಕೆಳಗೆ ಇನ್ನೂ ತೇವ ಇತ್ತು. ಕೋಲು ಹಾಕಿ ನೋಡಿದೆ, ಅಳತೆ ತಗೊಂಡೆ. ಗುರುತಿಗೆ ಅಂತ ಆಚೆ ದಂಡೆ ನೋಡಿದರೆ ಬೇವಿನ ಗಿಡ ಇಲ್ಲ, ಪೂರದಲ್ಲಿ ಹೋಗಿದೆ. ಇದು ನನಗೆ ಎರಡು ವರ್ಷ ಕಾಣಲೇ ಇಲ್ಲವಾ? ಗಿಡ ಇದ್ದ ಜಾಗವನ್ನೇ ಗಿಡ ಅಂತ ನೋಡಿಕೊಂಡು ಕೂತಿದ್ದೆನೋ ಏನೋ.

ಮೊಮ್ಮಗ ಮೊಬೈಲಿನಲ್ಲಿ ಗುರುತು ಒತ್ತಿದ. ಸಾಕು ಮುತ್ಯಾ, ಇನ್ನು ಯಾವಾಗ ಬೇಕಾದರೂ ತೋರಿಸುತ್ತದೆ ಅಂದ. ನನಗೆ ಸಮಾಧಾನ ಆಗಲಿಲ್ಲ. ಈಚೆ ದಂಡೆಯಲ್ಲಿ ಹಿಂದೆ ಮುಂದೆ ಓಡಾಡಿ ಒಂದು ಸಾಲು ಹುಡುಕಿದೆ. ಹನುಮಪ್ಪನ ಗುಡಿಯ ಕಳಸ, ಅದರ ಹಿಂದೆ ಸರಿಯಾಗಿ ಹೊಸ ಮೊಬೈಲ್ ಟವರ್. ಆ ಎರಡೂ ಕೂಡಿದ ಕಡೆ ನಿಂತು ಆರು ಮಾರು. ಹುಡುಗನಿಗೆ ಮೂರು ಸಲ ಹೇಳಿಸಿ ಬಾಯಿಪಾಠ ಮಾಡಿಸಿದ್ದೇನೆ. ನವೆಂಬರಿನಲ್ಲಿ ನೀರು ತಿಳಿಯಾದ ಮೇಲೆ ಒಗೆದು ನೋಡಬೇಕು.